ಕೆಳಗ ಯಾವ ಕಡೆ

ಗೋಕುಲ ರೋಡಿನ ಶೆಡ್ಡಿನಲ್ಲಿ, ಲೇತ್ ನಿಂತ ಮೇಲೂ,
ಒಂದು ಡಬ್ಬಿ ತಿರುಗುತ್ತಿರುತ್ತದೆ, ನಿಮಿಷಕ್ಕೆ ಎರಡೇ ಸುತ್ತು.
ಒಳಗೆ ಹನ್ನೆರಡು ಮಡಕಿಕಾಳು.
ಆರು ತಾಸಿಗೊಮ್ಮೆ ಸಿರಿಂಜು ತಾನೇ ಕೆಮ್ಮಿ
ಒಂದು ಹನಿ ಉಗುಳುತ್ತದೆ.

ಮನುಷ್ಯರ ಕೈ ತಾಗಕೂಡದು, ಕರಾರಿನಲ್ಲಿದೆ.
ಅಷ್ಟು ಮೇಲೆ ಹೋಗುವ ಡಬ್ಬಿಗೆ
ಕೈ ಎಲ್ಲಿಂದ ಬರಬೇಕು?

ಕಬ್ಬಿಣದ ಚೂರು ಬಳಿಯಲು ಬಂದ ಹುಸೇನ್‌ಬಿ
ಕಸಬರಿಗಿ ಹಿಡಿದೇ ಬಗ್ಗಿದಳು:
“ಇದನ್ನ ಯಾಕ ತಿರುಗಸ್ತೀರಿ?”
ಕೆಳಗೆ ಯಾವ ಕಡೆ ಅನ್ನೋದು ಮರೆಸಲಿಕ್ಕೆ.
ಅಲ್ಲಿ ಕೆಳಗೆ ಅನ್ನೋದೇ ಇಲ್ಲ.
“ಪಾಪ” ಅಂದಳು,
ಕಾಳಿಗೋ ನನಗೋ.
“ನಾ ಆದ್ರ ಹಸಿ ಅರಿವ್ಯಾಗ ಕಟ್ಟಿ ಗೂಟಕ್ಕ ಹಾಕತೀನಿ.
ಮುಂಜಾನಿಗೆ ಗಂಟು ಬಿಗಿ ಆಗಿರತದ.
ಅಷ್ಟ.”

ಮೂರನೇ ರಾತ್ರಿ ಕರೆಂಟು ಹೋಯಿತು.
ಗಾಲಿ ನಿಂತಿತು, ಸಿರಿಂಜು ಕೆಮ್ಮಲಿಲ್ಲ.
ಕತ್ತಲಲ್ಲಿ ಕೆಳಗೆ ಎಂಬುದು ಒಮ್ಮೆಲೇ ಮರಳಿ ಬಂತು.
ಬ್ಯಾಟರಿ ಬಿಟ್ಟು ನೋಡಿದೆ:
ಇತ್ತ ಬಾಗಿ, ಅತ್ತ ಬಾಗಿ, ಸುತ್ತಿಕೊಂಡ ಬೇರು,
ಪಾಟಿಯ ಮೇಲೆ ಮೊದಲ ದಿನ ಬರೆದ ‘ಅ’,
ಎಲ್ಲಿ ಮುಗಿಸಬೇಕೆಂದು ತಿಳಿಯದ್ದು.

ಹೂಜಿಯಲ್ಲಿ ಬೆರಳದ್ದಿದೆ.
ಒಂದೇ ಹನಿ.

ಬೆಳಿಗ್ಗೆ ವಹಿಯಲ್ಲಿ ನಾನೇ ಬರೆದೆ:
ಕೈ ತಾಗಿದೆ. ರದ್ದು.

ಹನ್ನೊಂದು ಮೊಳೆತಿದ್ದವು.
ಹುಸೇನ್‌ಬಿ ಅಂಗೈಗೆ ಸುರುವಿಕೊಂಡು,
“ಉಸಳಿಗೆ ಸಾಲೂದಿಲ್ಲ ಬಿಡ್ರಿ” ಎಂದು
ಒಂದೊಂದೇ ಬಾಯಿಗೆ ಹಾಕಿಕೊಂಡಳು.
ಮೊಳೆಯದ ಹನ್ನೆರಡನೆಯದನ್ನು
ತೊಯ್ದ ಸೆರಗಿನ ತುದಿಗೆ ಗಂಟು ಹಾಕಿದಳು.
ನನ್ನನ್ನು ಕೇಳಲೂ ಇಲ್ಲ.

ಹೊಸ ಹನ್ನೆರಡು ಎಣಿಸಿ
ನಾನು ಗುಂಡಿ ಒತ್ತಿದೆ.