ಐದಕ್ಕೆ ಒಂದು

ಅಡುಗೆಮನೆಯ ಮೇಜು. ಕಾಫಿ ಕಲೆಯ ಪಕ್ಕ
ಐದು ಮುಳ್ಳಿನ ಕೇಬಲ್ಲು: ಒಂದು ತುದಿ ಕಂಪ್ಯೂಟರಿಗೆ,
ಇನ್ನೊಂದು, ಇಟ್ಟಿಗೆ ಗಾತ್ರದ ಹಳೆಯ ಸೀಕ್ವೆನ್ಸರಿಗೆ.
ಹೋದ ಬೇಸಿಗೆ, ಕುವೊಪಿಯೊ ಆಚೆಯ ನೃತ್ಯಶಾಲೆಯಲ್ಲಿ
ಟ್ಯಾಂಗೋ ನಡುವೆಯೇ ಅಪ್‌ಡೇಟಿಗೆ ಕೂತಿತ್ತು ಕಂಪ್ಯೂಟರು;
ಎಂಬತ್ತು ಜೋಡಿಯ ಕಾಲು ಗಾಳಿಯಲ್ಲಿ.
ಇನ್ನು ಅದರ ಸಹವಾಸ ಬೇಡ ಎಂದಳು ಐಲಿ.

ಒಂದನೇ ಚಾನೆಲ್ಲು ಅಕಾರ್ಡಿಯನ್, ಹತ್ತನೆಯದು ಡ್ರಮ್ಮು,
ಎರಡು, ಟಾರ್ಮೊನ ಬಾಸ್.
ಕಾರ್ಖಾನೆಯ ಗರಗಸ ಎರಡು ಬೆರಳು ಇಟ್ಟುಕೊಳ್ಳುವ ಮೊದಲು
ನುಡಿಸಿದ್ದು. ಪ್ರತಿ ಬಡಿತಕ್ಕೂ ಕೂದಲೆಳೆಯಷ್ಟು ತಡ.

ಹಾಡು ಹರಿದು ಬಂತು. ಸ್ವರವೆಲ್ಲ ಬಂತು.
ತಡವೊಂದು ಬರಲಿಲ್ಲ.
ಅಲ್ಲಿ ಒಂದು ಬಡಿತಕ್ಕೆ ನಾನೂರ ಎಂಬತ್ತು ಚೂರು,
ಇಲ್ಲಿ ತೊಂಬತ್ತಾರೇ.
ಐದಕ್ಕೆ ಒಂದು.
ಅವನ ಎರಡು ಚೂರಿನ ತಡವನ್ನು
ಚಿಲ್ಲರೆಯಿಲ್ಲ ಎನ್ನುವ ಅಂಗಡಿಯವನ ಹಾಗೆ
ಪೆಟ್ಟಿಗೆ ನುಂಗಿಕೊಂಡಿತ್ತು.

ಎರಡನೇ ಟ್ರ್ಯಾಕನ್ನು ಒಂದೇ ಒಂದು ಚೂರು
ಹಿಂದಕ್ಕೆ ತಳ್ಳಿದಳು ಐಲಿ.
ಅದಕ್ಕಿಂತ ಕಡಿಮೆ ಅದಕ್ಕೆ ಗೊತ್ತಿಲ್ಲ.

ಟಾರ್ಮೊ ಬಾಗಿಲಿಗೊರಗಿ ಕೇಳಿದ,
ಮೂರು ಬೆರಳಲ್ಲಿ ಲೋಟ ಹಿಡಿದು.
“ಇಷ್ಟು ತಡ ನಾನೆಂದೂ ಮಾಡಿದವನಲ್ಲ.”
ಅಂದವನ ಹಿಮ್ಮಡಿ ಮಾತ್ರ
ನೆಲ ತಟ್ಟುತ್ತಿತ್ತು,
ಅಷ್ಟೇ ತಡವಾಗಿ.