ಸೆರಗಿಲ್ಲದ ಆಟ

ಉದ್ದರಿ ವಹಿಯ ಹಿಂದಿನ ಹಾಳಿಯಿಂದ ಶುರು ಮಾಡಿದೆ.
ಮುಂದ ಹುಡುಗರ ಬಾಕಿ: ಪರಸ್ಯಾ ಹದಿನೆಂಟು ರೂಪಾಯಿ,
ನಬಿ ನಾಲ್ಕು ತಾಸು, ಮುರಿಗ್ಯಾಂದು ಲೆಕ್ಕನ ಇಲ್ಲ.
ಹಿಂದ ಮುನ್ನೂರಾ ಹನ್ನೆರಡು ಆಟ.

ಬನಹಟ್ಟಿಯ ನಮ್ಮ ಓಣ್ಯಾಗ ಎರಡೂ ಕಡೆ ಮಗ್ಗ,
ನಡುವ ನನ್ನ ನಾಲ್ಕು ಟೀವಿ, ತಗಡಿನ ಬಾಗಲಾ.
ಖಟ್-ಖಟ್ ಸಪ್ಪಳದೊಳಗ ಬಾಂಬ್ ಬಿದ್ದದ್ದೂ ಕೇಳೂದಿಲ್ಲ.
ಬಂದವರೆಲ್ಲಾ ಅನ್ನೂದು ಒಂದ:
"ಅಕ್ಕಾ, ಮೊನ್ನಿ ಆಡಿದ್ನೆಲ್ಲಾ, ಅಂಥಾದ್ದು ಕೊಡು."
ಅಂಥಾದ್ದು ಅಂದ್ರ ಎಂಥಾದ್ದು?

ಮದಲ ಐದು ಪುಟ್ಟಿ ಇಟ್ಟೆ.
ಹೊಡದಾಟ, ಓಟ, ಜಿಗಿತ, ಒಗಟು, ಊರು ಕಟ್ಟೂದು.
ಸಂಜಿಗೆ ನಬಿ ಬಂದು ಒಂದೊಂದ ತಗದು ನಕ್ಕ.
"ಓಟ ಅಂತೀ, ಕಾರಿನ ಮ್ಯಾಲ ಬಂದೂಕ ಐತಿ.
ಊರು ಕಟ್ಟೂದು ಖರೆ,
ಕತ್ತಲಾದ್ರ ಗ್ವಾಡಿ ಒಡದು ಒಳಗ ಬರ್ತಾರ.
ಇದೇನ ಒಗಟು? ಮ್ಯಾಲಿಂದ ತುಕಡಿ ಬೀಳತಾವ,
ಎದಿ ಡಬಡಬ ಅಂತೈತಿ, ಓಟದಾಗ ಹಾಕಿದನ್ನ."
ಓಡಾವ್ರು ಯಾರೋ ಅದರಾಗ, ಅಂದೆ.
"ನಾನ," ಅಂದ.

ಮತ್ತ ಮೂರು ಪುಟ್ಟಿ ತಂದೆ, ಮತ್ತ ಒಂದು.
ಕಡೀಕ 'ಇತರೆ' ಅಂತ ಬರದದ್ದನ್ನ
ಎತ್ತಾಕ ಇಬ್ಬರು ಬೇಕಾತು.

ಈ ಅಂಗಡಿಗಿಂತ ಮದಲ ಹನ್ನೊಂದು ವರ್ಷ
ಜಕಾರ್ಡ್ ಕಾರ್ಡಿಗೆ ತೂತು ಹೊಡದಾಕಿ ನಾನು.
ಹೊಳ್ಳಿ ಅದ ನೆನಪಾತು:
ಸೀರಿಗೆ ಯಾರೂ ಒಂದ ಹೆಸರ ಹೇಳೂದಿಲ್ಲ.
ದಡಿ ಗೋಮಿ, ಒಡಲು ಚೌಕಡಿ, ಸೆರಗು ತೋಪತೆನಿ.
ಗೋಮೀದೊಂದು ರಾಶಿ, ಚೌಕಡೀದೊಂದು ರಾಶಿ ಅಂದ್ರ
ಎರಡೂ ಇದ್ದದ್ದನ್ನ ಎಲ್ಲಿ ಇಡತೀ?
ಹರೀತೀಯೇನು?

ಪುಟ್ಟಿ ಬೋರಲ ಹಾಕಿದೆ.
ದಡಿ ಅಂದ್ರ ಕೈ ಏನ ಮಾಡತೈತಿ.
ಒಡಲು ಅಂದ್ರ ಕಣ್ಣು ಎಲ್ಲಿ ಅಡ್ಡಾಡತೈತಿ.
ಸೆರಗು, ಮುಗಿಯೂದು ಹೆಂಗ:
ಸತ್ತೋ, ಗೆದ್ದೋ,
"ತಾಸ ಆತು ಏಳ್ರಲೇ" ಅಂತ ನಾ ಒದರಿಯೋ.
ಕೆಲವಕ್ಕ ಸೆರಗ ಇಲ್ಲ. ನೇಯ್ದಷ್ಟೂ ನೇಯ್ಗಿ.

ಅಟ್ಟದ ಮ್ಯಾಲ ಹಳೇ ಕಾರ್ಡ್ ಇದ್ದುವು,
ಯಾರೂ ಈಗ ನೇಯದ ಒಂದು ನವಿಲಿನವು.
ಆಟಕ್ಕೊಂದು ಕತ್ತರಿಸಿ
ಅಂಚಿಗುಂಟ ಹೊಸಾ ತೂತು ಹೊಡದೆ.
ಇಬ್ಬರು ಆಡಬಹುದೇನು? ಹಂಗಾರ ಮೂರನೇ ತೂತನ್ನ
ಅಂಚಿನ ತನಕ ಸೀಳು.
ರಕ್ತ ಇಲ್ಲೇನು? ಏಳನೇದು ಸೀಳು.
ನಡುವ ಬಿಟ್ಟು ನಾಳೆ ಮುಂದುವರಸಾಕ ಬರತೈತೇನು?
ಓದಾಕ ಬರದವ್ರು ಆಡಬಹುದೇನು?
ಕಟ್ಟಿಗೆ ಕಬ್ಬಿಣದ ಸೂಜಿ ಪೋಣಿಸಿ ಎತ್ತಿದ್ರ
ಸೀಳಿದವು ಉದರತಾವ, ಉಳಿದವು ಜೋತ ಬೀಳತಾವ.

ಒಂದಿನ ಕರೆಂಟ್ ಹೋದಾಗ
ಪರಸ್ಯಾ ತಂಗೀನ ಕರಕೊಂಡ ಬಂದ.
"ಇಬ್ಬರೂ ಆಡೂವಂಥಾದ್ದು. ರಕ್ತ ಬ್ಯಾಡ. ಈಕಿ ಇನ್ನೂ ಅಂಗನವಾಡಿ."
ಮೂರು ಸಲ ಸೂಜಿ ಹಾಕಿದೆ, ಬ್ಯಾಟರಿ ಬೆಳಕಿನಾಗ
ನಾಲ್ಕು ಬಿದ್ದುವು.
ಕರೆಂಟ್ ಬರೂತನಕ ಅಣ್ಣ ತಂಗಿ
ಆಡದ ಆಟಕ್ಕ ಜಗಳಾಡಿದ್ರು.
ಕಾರ್ಡಿನ ಹಳೇ ತೂತಿನೊಳಗಿಂದ ಗ್ವಾಡಿಗೆ
ನವಿಲಿನ ಕಾಲಿನಷ್ಟು ಬೆಳಕು ಬಿದ್ದಿತ್ತು.

ನನ್ನ ಲೆಕ್ಕ ಕೆಡಿಸಿದಾಂವ ಚನಮಲ್ಲ.
ರಾತ್ರಿ ಪಾಳಿ ಮುಗಿಸಿ ಏಳಕ್ಕ ಬರತಾನ,
ಕಿವ್ಯಾಗ ಹತ್ತಿ, ಮೀಸಿಮ್ಯಾಲ ನೂಲಿನ ಧೂಳಿ.
ಕಾರಿನ ಆಟನ ಬೇಕು.
ಎಲ್ಲಾರೂ ಮುಂದ ಓಡಿದ್ರ ಇಂವ ಹೊಳ್ಳಿಸಿ
ಉಲ್ಟಾ ಹೋಗತಾನ. ಬೇಲಿ ದಾಟಿ, ಮಣ್ಣಿನ ದಾರಿ ಹಿಡದು
ಒಂದು ಸಮುದ್ರದ ದಂಡಿಗೆ ಗಾಡಿ ನಿಲ್ಲಸತಾನ.
ಅರ್ಧಾ ತಾಸು. ಹತ್ತು ರೂಪಾಯಿ. ನೋಡತಾನ.
"ಏನ ಆಡಿದ್ಯೋ?" ಅಂದ್ರ
"ಏನಿಲ್ಲ, ಅಲ್ಲಿ ಸಪ್ಪಳ ಇಲ್ಲ," ಅಂತಾನ.

ಅಂವ ಹೋದಮ್ಯಾಲ ಆ ಕಾರ್ಡ್ ತಗದೆ.
'ಓಟ' ಅಂತ ಸೀಳಿಬಿಟ್ಟೀನಿ. ಸೀಳಿದ್ದು ಹೊಲಿಯಾಕ ಬರೂದಿಲ್ಲ.
ಮೂಲ್ಯಾಗ ಇನ್ನೊಂದು ತೂತಿಗೆ ಜಾಗ ಇತ್ತು.
'ಸುಮ್ನ ಇರಾಕ ಬಿಡತೈತಿ' ಅಂತ ವಹಿಯೊಳಗ ಬರಕೊಂಡೆ.

ಈಗ ಉಳಿದ ಮುನ್ನೂರಾ ಹನ್ನೊಂದೂ
ಮತ್ತ ಮದಲಿಂದ ನೋಡಬೇಕು.
ಬಾಗಲಾ ಹಾಕಿದಮ್ಯಾಲ ಒಂದೊಂದ ಹಚ್ಚಿ
ಏನೂ ಒತ್ತದ ಕುಂದರತೀನಿ,
ಯಾವುದು ಎಷ್ಟೊತ್ತು ತಡೀತೈತಿ ಅಂತ.
ನಲವತ್ತೊಂದನೇದ್ರಾಗ ಒಬ್ಬ ಸೈನಿಕ
ತೊಡೀಗೆ ಬಂದೂಕ ಆನಿಸಿ
ಬೂಟಿನ ದಾರ ಕಟ್ಟಕೊಳ್ಳಾಕತ್ತಾನ.
ಇನ್ನೂ ಯಾರೂ ಬಂದು ಹೊಡದಿಲ್ಲ.