ಎರಡು ದಿನಕ್ಕೆ ಒಂದು ಕಾರು

ಗದಗದ ಗಾಡಿ ಇಳಿದಾಗ ಬೆಳಗಿನ ಆರೂ ಮುಕ್ಕಾಲು.
ವಿಜಯಪುರ ನಿಲ್ದಾಣದ ಹೊರಗೆ, ಚಹಾದ ಗಾಡಿಯ ಪಕ್ಕ,
ತಗಡಿನ ಬೋರ್ಡು: ಕಾರು ಬಾಡಿಗೆಗೆ, ನೀವೇ ನಡೆಸಿರಿ.
ಕೆಳಗೆ ಕೂತ ಹುಡುಗ ಸಿದ್ರಾಮ
ಬನ್ನು ಅದ್ದುತ್ತಲೇ ಹೇಳಿದ:
ದಿನಕ್ಕ ಹದಿನೆಂಟುನೂರ್ರಿ ಅಕ್ಕಾರ, ಎಣ್ಣಿ ನಿಮ್ದು,
ಠೇವಣಿ ಐದು ಸಾವಿರ,
ಗೀರು ಬಿದ್ರ ಅದ್ರಾಗ ಮುರಕೋತೀವಿ.

ಟಿಕೇಟಿನ ಬೆನ್ನ ಮೇಲೆ ನನ್ನ ಲೆಕ್ಕ.
ಗೋಳಗುಮ್ಮಟ: ಇಲ್ಲಿಂದಲೇ ಕಾಣುತ್ತದೆ, ಕಾಲೇ ಸಾಕು.
ಬಾರಾಕಮಾನು: ಆಟೋ, ಮುಖ ನೋಡಿ ಎಂಬತ್ತು,
ಚೌಕಾಶಿ ಮಾಡಿದರೆ ಐವತ್ತು.
ಇಬ್ರಾಹಿಂ ರೋಜಾ: ಊರಿನ ಆ ತುದಿ, ಹೋಗಿ ಬರಲು ಮುನ್ನೂರೇ ಹಿಡಿ.
ಎರಡು ದಿನ ಸುತ್ತಿದರೂ ಸಾವಿರ ದಾಟದು.
ಕಾರೆಂದರೆ ಮೂರು ಸಾವಿರದ ಆರುನೂರು, ಮೇಲೆ ಪೆಟ್ರೋಲು,
ನಿಲ್ಲಿಸಲು ಜಾಗ,
ಗಾಂಧಿ ಚೌಕದಲ್ಲಿ ಬಾಳೆಹಣ್ಣಿನ ಗಾಡಿ, ಹೋರಿ, ಎದುರು ಬರುವ ಟಾಂಗಾ,
ಎಲ್ಲರಿಗೂ ದಾರಿ ಕೊಟ್ಟು ಉಳಿದದ್ದು ನನಗೆ.
ಬ್ಯಾಡ, ಎಂದು ಬರೆದು ಕೆಳಗೆ ಗೆರೆ ಎಳೆದೆ.
ಪೆನ್ನು ಮುಚ್ಚಲಿಲ್ಲ.

ನನ್ನ ಲೈಸೆನ್ಸಿಗೆ ಏಳು ತಿಂಗಳು.
ನನಗೆ ಐವತ್ತೊಂದು.
ಬೆಟಗೇರಿಯ ಮಗ್ಗದೋಣಿಯ ಹಿಂದಿನ ಬಯಲಲ್ಲಿ ಕಲಿತದ್ದು,
ಮುಂದಕ್ಕೆ ಹೋಗುವುದಷ್ಟನ್ನು.
ಹಿಂದಕ್ಕೆ ಬರುವಾಗ ಈಗಲೂ
ಎಡ ಯಾವುದು ಬಲ ಯಾವುದೆಂದು
ವಾಚು ಕಟ್ಟಿದ ಕೈ ನೋಡಿಕೊಳ್ಳುತ್ತೇನೆ.

ಹತ್ತರ ಬಸ್ಸಿಗೆ ಸೊಲ್ಲಾಪುರದಿಂದ ಶಮಶಾದ್ ಬರುತ್ತಾಳೆ.
ಇಪ್ಪತ್ತೆಂಟು ವರ್ಷದ ಹಿಂದೆ, ಈ ಊರು ಬಿಜಾಪುರವಾಗಿದ್ದಾಗ,
ಬಿ.ಎಡ್. ಹಾಸ್ಟೆಲ್ಲಿನ ಹಿಂದೆ, ಕೋಟೆಯ ಕಂದಕದ ಗುಂಟ,
ತಾಸಿಗೆ ಎರಡು ರೂಪಾಯಿಯ ಬಾಡಿಗೆ ಸೈಕಲ್ಲು.
ನಾನು ಸೀಟಿನ ಮೇಲೆ, ಅವಳು ಕ್ಯಾರಿಯರ್ ಹಿಡಿದು ಹಿಂದೆ.
ಹಿಡಿದೀಯಿಲ್ಲ? ಅಂದರೆ
ಹಿಡಿದೀನಿ, ನೀ ಹೊಡಿ!
ತಿರುಗಿ ನೋಡಿದೆ. ಎಷ್ಟೋ ದೂರದಲ್ಲಿ
ಬೇವಿನ ಬುಡಕ್ಕೆ ಒರಗಿ ಸೇಂಗಾ ತಿನ್ನುತ್ತಿದ್ದಳು.
ನೋಡಿದ್ದಕ್ಕೇ ಬಿದ್ದೆ.

ಆ ಸುಳ್ಳಿನ ಮೇಲೆ ಕೂತೇ
ಹದಿನಾರು ವರ್ಷ ಶಾಲೆಗೆ ಹೋಗಿ ಬಂದೆ.
ಈಗ ಅವಳು ಪಕ್ಕದ ಸೀಟಿನಲ್ಲಿ ಕೂತು ನೋಡಲಿ ಅಂತ.
ಗುಮ್ಮಟಕ್ಕಲ್ಲ, ರೋಜಾಕ್ಕಲ್ಲ.
ಇದನ್ನು ಲೆಕ್ಕದ ಯಾವ ಸಾಲಿನಲ್ಲಿ ಬರೆಯಲಿ?

ಬಂದಳು. ಕೂದಲು ಅರ್ಧ ಬೆಳ್ಳಗೆ, ಬಲಮಂಡಿ ಹೊಸದು, ಸ್ಟೀಲಿನದು.
ಮಾತಿಗೂ ಮೊದಲು ಟಿಕೇಟು ಕಸಿದು ಓದಿದಳು.
ಬಿ.ಎಡ್.ದಾಗೂ ನಿನ್ನ ಗಣಿತ ಹಿಂಗಽ ಇತ್ತು ಲೀಲಾ,
ಕೂಡೂದು ಬರೊಬ್ಬರಿ, ಉತ್ತರ ತಪ್ಪು.
ಎಲ್ಲೈತಿ ಆ ಕಾರು?

ಒಂದೇ ದಿನಕ್ಕೆ ತಗೊಂಡೆವು. ಬಿಳಿಯದು,
ಹಿಂದಿನ ಗಾಜಿನ ಮೇಲೆ ಯಾರದೋ ಮದುವೆಯ ಹೆಸರು ಅರ್ಧ ಕಿತ್ತು ಉಳಿದಿತ್ತು.
ಗಾಂಧಿ ಚೌಕದಲ್ಲಿ ಹೋರಿ ದಾಟುವವರೆಗೆ
ಇಬ್ಬರೂ ಉಸಿರು ಬಿಡಲಿಲ್ಲ.

ರೋಜಾದ ಮುಂದೆ ನೆರಳಿದ್ದದ್ದು ಒಂದೇ ಮರದ ಕೆಳಗೆ,
ಹಿಂದೆ ಹಿಂದೆ ಸರಿದೇ ಸೇರಬೇಕು.
ನಾ ಇಳೀತೀನಿ ತಡಿ, ಅಂದಳು.
ಮಂಡಿ ಮೊದಲು ಇಳಿಯಿತು, ನಂತರ ಅವಳು.
ಕನ್ನಡಿಯಲ್ಲಿ ಸಣ್ಣಗಾಗಿ ನಿಂತು ಕೈ ಬೀಸಿದಳು:
ಬಾ, ಬಾ, ಬಾ. ನಾ ನೋಡಾಕತ್ತೀನಿ, ಬಾ.
ಅಷ್ಟರಲ್ಲಿ ಮಿನಾರಿನಿಂದ ಗಿಳಿಗಳ ಹಿಂಡು ಎದ್ದಿತಂತೆ,
ಅವಳು ಅದನ್ನು ನೋಡಿದಳಂತೆ.
ಟಕ್.
ಬೇವಿಗೆ ಏನೂ ಆಗಲಿಲ್ಲ.

ಸಂಜೆ ಸಿದ್ರಾಮ ಮೊಬೈಲಿನ ಬೆಳಕು ಹಿಡಿದು
ಬಂಪರಿನ ಹತ್ತಿರ ಕೂತ, ಎದ್ದ, ಮತ್ತೆ ಕೂತ.
ಅಕ್ಕಾರ, ಗೀರು.
ನಾನು ಬಾಯಿ ತೆರೆಯುವ ಮೊದಲೇ
ಹದಿಮೂರು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದ ಶಮಶಾದ್
ಕಣ್ಣು ಮಿಟುಕಿಸದೆ ಅಂದಳು:
ಅದು ಮೊದಲಽ ಇತ್ತಪಾ. ನಾ ನೋಡೀನಿ.

ಆರುನೂರು ಮುರಿದುಕೊಂಡೇ ಕೊಟ್ಟ.
ಮರುದಿನ ಆಟೋದವ ನಮ್ಮ ಮುಖ ನೋಡಿ ಎಂಬತ್ತು ಅಂದ.
ಚೌಕಾಶಿ ಮಾಡಲಿಲ್ಲ.